ಐದನೆಯ ಮಿಷನ್

ನಮ್ಮ ಅಂಗಡಿಯ ಕಂಪ್ಯೂಟರಿಗೆ ಸೋಮವಾರ ಕಂಡರೆ ಆಗುವುದಿಲ್ಲ. ವಾರದ ಕೊನೆಯಲ್ಲಿ ಹೇಳಿದ ಮಾತು ಕೇಳಿಕೊಂಡು ಕೆಲಸ ಮಾಡುವ ಅದು, ಸೋಮವಾರ ಬೆಳಿಗ್ಗೆ ಗುಂಡಿ ಒತ್ತಿದರೆ ಕೂಂ ಎಂದು ಉದ್ದಕ್ಕೆ ಕೂಗಿ, ಪರದೆ ಕಪ್ಪಗೆ ಮಾಡಿಕೊಂಡು ಕೂತುಬಿಡುತ್ತದೆ. ಎರಡು ಮೂರು ಸಲ ಆರಿಸಿ ಹೊತ್ತಿಸಿ, ಬದಿಗೆ ಒಂದು ಏಟು ಕೊಟ್ಟ ಮೇಲೆ ದೊಡ್ಡ ಮನಸ್ಸು ಮಾಡಿ ಏಳುತ್ತದೆ. ಅದಕ್ಕೂ ರಜೆ ಮುಗಿದ ಬೇಸರ ಕಣೇ ಎನ್ನುತ್ತಾರೆ ಅತ್ತೆ. ಗುಂಡಿ ಹೊಲಿಯುವುದು ಅತ್ತೆಯ ಕೆಲಸ. ಕಿಟಕಿ ಪಕ್ಕದ ಕುರ್ಚಿ ಮಾತ್ರ ಅವರದು, ಮಾತು ಇಡೀ ಅಂಗಡಿಗೆ.

ಇವರು, ಅಂದರೆ ನನ್ನ ಗಂಡ, ದರ್ಜಿ. ಕೊರಳಲ್ಲಿ ಅಳತೆ ಟೇಪು ಇಲ್ಲದಿದ್ದರೆ ನನಗೇ ಇವರ ಗುರುತು ಸಿಗುವುದು ಕಷ್ಟ. ಮಾತು ಕಮ್ಮಿ, ಮೊಂಡುತನ ಜಾಸ್ತಿ. ಮಾತು ಕಮ್ಮಿ ಇದ್ದರೆ ಇರಲಿ, ಆದರೆ ನನ್ನ ಕಸೂತಿ ನೋಡಿ "ಹೂಂ" ಎನ್ನುವುದನ್ನೇ ಮೆಚ್ಚುಗೆ ಎಂದು ಎಷ್ಟು ವರ್ಷ ತಿಳಿದುಕೊಂಡಿರಲಿ?

ಇವರದೊಂದು ಕಾನೂನಿದೆ. ಶನಿವಾರ ಸಂಜೆ ಷಟರ್ ಅರ್ಧ ಎಳೆದು, ಉದ್ದ ಮೂತಿಯ ಎಣ್ಣೆ ಡಬ್ಬಿ ಹಿಡಿದು, ಮುಂದಿನ ಹೊಲಿಗೆ ಮಿಷನ್ನಿನಿಂದ ಹಿಂದಿನ ಕಸೂತಿ ಮಿಷನ್ನಿನ ತನಕ ನಾಲ್ಕಕ್ಕೂ ತೊಟ್ಟು ತೊಟ್ಟು ಎಣ್ಣೆ ಹಾಕುತ್ತಾರೆ. ಆಮೇಲೆ ಪ್ರತಿಯೊಂದರ ಸೂಜಿಯ ಕೆಳಗೆ ಬಿಳಿ ಬಟ್ಟೆಯ ಚೂರೊಂದನ್ನು ನಾಲ್ಕು ಮಡಿಕೆ ಮಾಡಿ ಇಡುತ್ತಾರೆ. ಹೆಚ್ಚಾದ ಎಣ್ಣೆಯನ್ನು ಅದು ಹೀರಿಕೊಳ್ಳಬೇಕು, ಗಿರಾಕಿಯ ಬಟ್ಟೆಗೆ ಕಲೆ ಆಗಬಾರದು. ಆ ಡಬ್ಬಿಯನ್ನು ಬೇರೆ ಯಾರೂ ಮುಟ್ಟುವಂತಿಲ್ಲ. ನಾವಿಬ್ಬರೂ ಆ ಹೊತ್ತಿಗೆ ಮನೆಗೆ ಹೊರಟಿರುತ್ತೇವೆ. ಎಣ್ಣೆ ಕಂಡದ್ದು ಅಂಗಡಿಯ ಮಿಷನ್, ಕಾಣದ್ದು ಬರೀ ಸಾಮಾನು. ಇಷ್ಟೇ ಇವರ ಲೆಕ್ಕ.

ಕಂಪ್ಯೂಟರ್ ಸಾಮಾನಿನ ಪಾಲಿಗೆ ಬಿತ್ತು. ಕಸೂತಿ ಮಿಷನ್ನಿಗೆ ಚಿತ್ರ ಬಿಡಿಸಿ ಕಳಿಸಲು ನಾನು ಹಟ ಹಿಡಿದು ಅದನ್ನು ತರಿಸಿದ ದಿನ, ಅಂಗಡಿಗೆ ಟಿ.ವಿ. ಯಾಕೆ ಎಂದು ಕೇಳಿದವರು ಇವತ್ತಿಗೂ ಅದನ್ನು "ನಿನ್ನ ಟಿ.ವಿ." ಎಂದೇ ಕರೆಯುತ್ತಾರೆ. ಜಾಗವಿಲ್ಲದೆ ಅದರ ಪೆಟ್ಟಿಗೆಯನ್ನು ಮೇಜಿನ ಕೆಳಗೆ ಅಡ್ಡ ಮಲಗಿಸಿದ್ದೇನೆ. ಅದರ ಮೇಲೂ ಬಟ್ಟೆ ಚೂರು ಎಸೆದು ಹೋಗುತ್ತಾರೆ ಮಹಾನುಭಾವರು. ಸೋಮವಾರ ಬಂದವಳೇ ಆ ಚೂರನ್ನು ಕಸದ ಬುಟ್ಟಿಗೆ ಹಾಕಿ, ನಾಲ್ಕು ಮಾತು ಅಂದು, ಆಮೇಲೆ ಗುಂಡಿ ಒತ್ತುವುದು ನನ್ನ ರೂಢಿ.

ಹೋದ ತಿಂಗಳು ನಾಟಕ ತಂಡದ ಉಡುಪು ನೋಡಿಕೊಳ್ಳುವ ಹೆಂಗಸು ಬಂದರು. ಇವರು ಟೇಪು ಸರಿಮಾಡಿಕೊಂಡು ಎದ್ದು ನಿಂತರೂ ಆಕೆ ಇವರನ್ನು ದಾಟಿಕೊಂಡು ಒಳಗೆ ಬಂದು, ಯಾರದೋ ಚೀಲದ ಮೇಲೆ ಕೊಕ್ಕರೆ ನೋಡಿದೆ, ಅದನ್ನು ಬಿಡಿಸಿದವರು ಯಾರು ಎಂದು ಕೇಳಿದರು. ಇಷ್ಟು ವರ್ಷದಲ್ಲಿ ನನ್ನನ್ನು ಹುಡುಕಿಕೊಂಡು ಬಂದ ಮೊದಲ ಗಿರಾಕಿ ಅವರು. ನನಗೆ ಎಷ್ಟು ಖುಷಿಯಾಯಿತೆಂದರೆ ಕೂರಿ ಎನ್ನುವುದನ್ನೂ ಮರೆತೆ. ರಾಣಿಯ ಪಾತ್ರಕ್ಕೊಂದು ನಿಲುವಂಗಿ ಬೇಕಂತೆ. ಬೆನ್ನ ಮೇಲೆ ಅಂಚಿನಿಂದ ಕೊರಳ ತನಕ ಒಂದೇ ಮರ, ಕೊಂಬೆ ಕೊಂಬೆಗೂ ಹಕ್ಕಿ. ಸೋಮವಾರ ಬರುತ್ತೇನೆ, ಒಂದು ಕೊಂಬೆಯನ್ನಾದರೂ ಬಟ್ಟೆಯ ಮೇಲೆ ತೋರಿಸಿ, ಆಗದಿದ್ದರೆ ದೊಡ್ಡ ಅಂಗಡಿಗೆ ಕೊಡುತ್ತೇನೆ ಎಂದು ಹೇಳಿ ಹೋದರು.

ಮರ ಬೆಳೆಯಿತು, ಕಂಪ್ಯೂಟರ್ ಕೈಕೊಟ್ಟಿತು. ಕಾಲರಿನ ಹೂವು, ಜೇಬಿನ ಬ್ಯಾಡ್ಜು ಇವೆಲ್ಲ ಬೆಣ್ಣೆಯ ಹಾಗೆ ತೆರೆದುಕೊಳ್ಳುತ್ತಿದ್ದವು. ಮರ ತೆರೆದರೆ ಮಾತ್ರ ಪರದೆ ನೀಲಿಯಾಗಿ, ಏನೇನೋ ಬಡಬಡಿಸಿ ಆರಿಹೋಗುತ್ತಿತ್ತು. ಚಿತ್ರದ ನಕಲು ಬೇರೆ ಕಡೆ ಇಟ್ಟಿದ್ದೆ, ಆದರೆ ಇಟ್ಟು ಏನು ಬಂತು? ನಮ್ಮ ಕಸೂತಿ ಮಿಷನ್ನಿಗೆ ಈ ಮುದುಕಿ ಕಂಪ್ಯೂಟರಿನ ಭಾಷೆ ಬಿಟ್ಟು ಬೇರೆಯದರ ಭಾಷೆ ತಿಳಿಯುವುದಿಲ್ಲ.

ಶನಿವಾರ ಇವರು ಒಂದು ಸಲಹೆ ಕೊಟ್ಟರು.

"ಮರ ಸ್ವಲ್ಪ ಚಿಕ್ಕದು ಮಾಡು."

"ಚಿಕ್ಕದು ಮಾಡೋಕೆ ಅದೇನು ಪ್ಯಾಂಟಾ?" ಎಂದೆ. ಮೈಯೆಲ್ಲ ಉರಿಯಿತು. ಕೋಪಕ್ಕಿಂತ ಹೆಚ್ಚಾಗಿ ಅಳು ಬಂದಿತ್ತು, ಅದನ್ನು ತೋರಿಸಲಿಲ್ಲ.

ಭಾನುವಾರ ತಿಂಡಿ ಮುಗಿಸಿ ಅಂಗಡಿಯ ಬೀಗ ತೆಗೆದೆ. ನನ್ನ ತಮ್ಮ ಬೇರೆ ಊರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಾನೆ. ಫೋನಿನಲ್ಲೇ ದಾರಿ ತೋರಿಸುತ್ತೇನೆ ಎಂದಿದ್ದ. ಅತ್ತೆ ತಮಾಷೆ ನೋಡಲು ಬಂದರು. ಭಾನುವಾರ ಹತ್ತು ಗಂಟೆಯ ತನಕ ಮಗ್ಗುಲು ಬದಲಿಸದ ಇವರೂ ಹಿಂದೆಯೇ ಬಂದರು. ಯಾಕೆ ಎಂದು ಕೇಳಿದರೆ ಸುಮ್ಮನೆ ಎಂದರು. ಪೆಟ್ಟಿಗೆಯ ಮೇಲೆ ಎಂದಿನ ಚೂರು. ಅದನ್ನು ಬುಟ್ಟಿಗೆಸೆದು, ನಾಲ್ಕು ಮಾತು ಅಂದು, ಸ್ಕ್ರೂ ಬಿಚ್ಚಿದೆ.

ತಮ್ಮನ ಪ್ರಕಾರ ತೊಂದರೆ ರ‍್ಯಾಮಿನಲ್ಲಿ. ಕೆಲಸ ನಡೆಯುವಾಗ ಕಂಪ್ಯೂಟರ್ ಎಲ್ಲವನ್ನೂ ಹರಡಿಕೊಂಡು ಕೂರುವ ಜಾಗವಂತೆ ಅದು. ಇಬ್ಬರು ನೆಂಟರು ಬಂದರೆ ಮುಂದಿನ ಕೋಣೆ ಸಾಕು, ಹಿಂಡು ಬಂದರೆ ಹಿಂದಿನ ಕೋಣೆಯ ಬಾಗಿಲು ತೆಗೆಯಬೇಕು, ನಿಮ್ಮ ಹಿಂದಿನ ಕೋಣೆಯಲ್ಲಿ ಏನೋ ಎಡವಟ್ಟಾಗಿದೆ ಎಂದ. ಹೂವಿಗೆ ಸಾಲುವ ಜಾಗ ಮರಕ್ಕೆ ಯಾಕೆ ಸಾಲಲಿಲ್ಲ ಎಂದು ಆಗ ಅರ್ಥವಾಯಿತು. ತಪ್ಪು ನನ್ನ ಮರದ್ದಲ್ಲ. ಇದನ್ನು ಇವರಿಗೆ ಕೇಳುವ ಹಾಗೆ ಇನ್ನೊಂದು ಸಲ ಹೇಳು ಎಂದು ತಮ್ಮನಿಗೆ ಹೇಳಿದೆ.

ವೈರು ಕಿತ್ತು, ಮೊದಲು ಪೆಟ್ಟಿಗೆಯ ಕಬ್ಬಿಣ ಮುಟ್ಟಿ, ಒಳಗಿದ್ದ ರ‍್ಯಾಮಿನ ಎರಡು ಹಸಿರು ಪಟ್ಟಿಗಳನ್ನು ಬಿಡಿಸಿದೆ. ಅವುಗಳ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿದೆ. ಇನ್ನು ಒಂದೊಂದಾಗಿ ನೋಡು ಎಂದ ತಮ್ಮ. ಮೊದಲ ಪಟ್ಟಿಯನ್ನು ಮೊದಲ ಗೂಡಿನಲ್ಲಿಟ್ಟೆ, ಕಂಪ್ಯೂಟರ್ ಎದ್ದಿತು. ಅದನ್ನು ತೆಗೆದು ಅದೇ ಗೂಡಿಗೆ ಎರಡನೆಯದನ್ನು ಇಟ್ಟೆ, ಆಗಲೂ ಎದ್ದಿತು. ಅಂದರೆ ಪಟ್ಟಿಗಳೆರಡೂ ಗಟ್ಟಿಮುಟ್ಟಾಗಿವೆ. ಈಗ ಎರಡನೆಯ ಗೂಡಿಗೆ ಇಟ್ಟು ನೋಡಿದೆ. ಕೂಂ.

"ಗೂಡೇ ಕೆಟ್ಟಿದೆ ಅಕ್ಕ. ಒಳಗೆ ಏನಿದೆ ನೋಡು" ಎಂದ ತಮ್ಮ.

ವೈರು ಕಿತ್ತು ಬಗ್ಗಿದೆ. ಇವರು ಕೇಳದಿದ್ದರೂ ಟಾರ್ಚ್ ತಂದು ಹಿಡಿದರು, ಆದರೆ ಬೆಳಕು ಗೂಡೊಂದನ್ನು ಬಿಟ್ಟು ಉಳಿದೆಲ್ಲ ಕಡೆ ಬೀಳುತ್ತಿತ್ತು. ಟಾರ್ಚನ್ನು ಕಸಿದುಕೊಂಡು ನಾನೇ ಬೆಳಕು ಬಿಟ್ಟೆ. ಗೂಡಿನ ಉದ್ದಕ್ಕೂ ಕಪ್ಪಗೆ ಅಂಟಂಟು ಜಿಡ್ಡು, ಅದರಲ್ಲಿ ಬಟ್ಟೆಯ ನವಿರು ಎಳೆಗಳು ಸಿಕ್ಕಿಕೊಂಡಿದ್ದವು. ಬೆರಳಲ್ಲಿ ತೆಗೆದು ಮೂಸಿದೆ. ಅತ್ತೆಯ ಮೂಗಿಗೂ ಹಿಡಿದೆ.

"ಅಯ್ಯೋ, ಇದು ನಮ್ಮನೆ ವಾಸನೆ" ಎಂದರು ಅತ್ತೆ.

ಮಿಷನ್ ಎಣ್ಣೆ! ನಾವಿಬ್ಬರೂ ತಿರುಗಿ ನೋಡಿದೆವು. ಇವರು ಗೋಡೆಯ ಕ್ಯಾಲೆಂಡರನ್ನು ಬಹಳ ಶ್ರದ್ಧೆಯಿಂದ ಓದುತ್ತಿದ್ದರು. ಫೋನಿನಲ್ಲಿ ತಮ್ಮ, ಏನಾಯಿತು, ಏನಾಯಿತು ಎಂದು ಕೇಳುತ್ತಲೇ ಇದ್ದ. ಆಮೇಲೆ ಮಾಡುತ್ತೇನೆ ಎಂದು ಇಟ್ಟೆ.

"ನೀವಾ?"

"ಎರಡೇ ತೊಟ್ಟು" ಎಂದರು. "ಶನಿವಾರ ಶನಿವಾರ. ಮೇಲೆ ತೂತುಗಳಿವೆಯಲ್ಲ, ಅದರಲ್ಲಿ. ಈಚೆಗೆ ಒಳಗಿನ ಫ್ಯಾನು ಕಿರುಗುಟ್ಟುತ್ತಿತ್ತು, ಅದಕ್ಕೆ ನಾಲ್ಕು."

"ಯಾವಾಗಿಂದ?"

"ಅದು ಬಂದ ವಾರದಿಂದ."

ನನ್ನ ನಾಲಿಗೆಯ ತುದಿಯಲ್ಲಿ ಬೈಗುಳ ಸಾಲುಗಟ್ಟಿ ನಿಂತಿದ್ದವು. ಕರೆಂಟಿನ ಪೆಟ್ಟಿಗೆಗೆ ಯಾರಾದರೂ ಎಣ್ಣೆ ಹಾಕುತ್ತಾರೆಯೇ, ತಲೆ ನೆಟ್ಟಗಿದೆಯೇ ಎಂದು ಶುರುಮಾಡಬೇಕು ಎನ್ನುವಷ್ಟರಲ್ಲಿ ಯಾಕೆ ಹಾಕಿದಿರಿ ಎಂದು ಕೇಳಿಬಿಟ್ಟೆ.

"ಅಂಗಡಿ ಮಿಷನ್ ಅಲ್ವಾ?" ಎಂದರು ಇವರು, ನಾನೇ ಏನೋ ದಡ್ಡ ಪ್ರಶ್ನೆ ಕೇಳಿದೆನೆಂಬಂತೆ.

ನನ್ನ ಕಣ್ಣು ಕಸದ ಬುಟ್ಟಿಯ ಕಡೆ ಹೋಯಿತು. ಬೆಳಿಗ್ಗೆ ಎಸೆದ ಚೂರು ಮೇಲೇ ಇತ್ತು. ಎತ್ತಿಕೊಂಡೆ. ಬಿಳಿ ಬಟ್ಟೆ, ನಾಲ್ಕು ಮಡಿಕೆ, ಅಂಚಿಗೆ ಅಂಚು ಕೂಡಿಸಿದ್ದು, ನಡುವೆ ಎಣ್ಣೆಯ ದುಂಡು ಕಲೆ. ಎಸೆದು ಹೋದ ಚೂರು ಅದಲ್ಲ, ಇಟ್ಟು ಹೋದದ್ದು. ಇಷ್ಟು ವರ್ಷ ಸೋಮವಾರ ಸೋಮವಾರ ಅದನ್ನು ಬುಟ್ಟಿಗೆ ಹಾಕಿ ನಾಲ್ಕು ಮಾತು ಅಂದಿದ್ದೆ, ಈ ಮನುಷ್ಯ ಒಂದು ಸಲವೂ ಬಾಯಿ ಬಿಟ್ಟಿರಲಿಲ್ಲ. ಸಾಲುಗಟ್ಟಿದ್ದ ಬೈಗುಳಗಳಲ್ಲಿ ಒಂದೂ ಹೊರಗೆ ಬರಲಿಲ್ಲ. ಇವಳು ಸುಮ್ಮನಿದ್ದಾಳೆ, ಮೈ ಹುಷಾರಿಲ್ಲವೋ ಏನೋ ನೋಡೋ ಎಂದು ಅತ್ತೆ ಮಗನಿಗೆ ಹೇಳಿದರು.

ತಮ್ಮನಿಗೆ ಮತ್ತೆ ಫೋನ್ ಮಾಡಿ ವಿಷಯ ಹೇಳಿದೆ. ಅವನು ನಕ್ಕು ಮುಗಿಸುವ ತನಕ ಕಾದೆ. ಬಟ್ಟೆಯ ಕಲೆ ತೆಗೆಯಲು ನಾವಿಟ್ಟುಕೊಂಡ ಸ್ಪಿರಿಟ್ಟಿನಲ್ಲಿ ಹೊಸ ಹಲ್ಲುಜ್ಜುವ ಬ್ರಷ್ ಅದ್ದಿ ಗೂಡನ್ನು ತೊಳೆದೆ. ಇವರು ಪಕ್ಕದಲ್ಲಿ ಕೂತು, ಒಗ್ಗರಣೆ ಸೌಟಿನಷ್ಟು ದಪ್ಪ ಬೆರಳುಗಳಲ್ಲಿ ಸಣ್ಣ ಚಿಮಟ ಹಿಡಿದು ಎಳೆ ಎಳೆಯಾಗಿ ಕಸ ತೆಗೆದರು. ಪೂರ್ತಿ ಒಣಗಲಿ ಎಂದು ಊಟ ಮುಗಿಸಿ ಬಂದೆವು. ಆಮೇಲೆ ಎರಡು ಪಟ್ಟಿಗಳನ್ನೂ ಅವುಗಳ ಗೂಡಿಗೆ ಒತ್ತಿ ಕೂರಿಸಿ, ಗುಂಡಿ ಒತ್ತಿದೆ. ಕೂಗಲಿಲ್ಲ. ಮರ ತೆರೆದೆ. ಬೇರಿನಿಂದ ಮೇಲಕ್ಕೆ ಕೊಂಬೆ ಕೊಂಬೆಯಾಗಿ, ಒಂದು ಹಕ್ಕಿಯೂ ತಪ್ಪದ ಹಾಗೆ ಪರದೆಯ ತುಂಬ ಬಂದು ನಿಂತಿತು.

ಇವರು ಅದನ್ನು ಪೂರ್ತಿಯಾಗಿ ನೋಡಿದ್ದು ಅದೇ ಮೊದಲು. ಟೇಪು ಹಿಡಿದುಕೊಂಡು ಬಗ್ಗಿ ಹಕ್ಕಿಗಳನ್ನು ಒಂದೊಂದಾಗಿ ನೋಡಿದರು.

"ಹೂಂ" ಎಂದರು. ಆಮೇಲೆ, "ಚಿಕ್ಕದು ಮಾಡ್ಬೇಡ" ಎಂದರು.

ಸಂಜೆಯೊಳಗೆ ಒಂದು ಕೊಂಬೆ, ಮೂರು ಹಕ್ಕಿ ಬಟ್ಟೆಗೆ ಇಳಿದವು. ಮಾರನೆಯ ದಿನ ನಾಟಕದವರು ಅದನ್ನು ಬೆಳಕಿಗೆ ಹಿಡಿದು ನೋಡಿ, ನಿಲುವಂಗಿಯ ಬಟ್ಟೆಯನ್ನು ನನ್ನ ಕೈಗೇ ಕೊಟ್ಟು ಹೋದರು. ಇವರು ಬಾಗಿಲ ತನಕ ಹೋಗಿ ಬೀಳ್ಕೊಟ್ಟು ಬಂದರು.

ಮುಂದಿನ ಶನಿವಾರ ನಾನು ಬೇಕೆಂದೇ ತಡಮಾಡಿದೆ. ನಾಲ್ಕು ಮಿಷನ್ ಮುಗಿಸಿ ಇವರು ನನ್ನ ಮೇಜಿನ ಮುಂದೆ ಬಂದು, ಎಣ್ಣೆ ಡಬ್ಬಿ ಹಿಡಿದು, ಏನು ಮಾಡಬೇಕೆಂದು ತೋಚದೆ ನಿಂತರು.

"ಇದಕ್ಕೇನೂ ಬೇಡ್ವಾ?"

"ಎಣ್ಣೆ ಬೇಡ. ಚೂರು ಇಡಿ" ಎಂದೆ.

ಸೋಮವಾರ ಅದು ಪೆಟ್ಟಿಗೆಯ ಮೇಲಿತ್ತು, ನಾಲ್ಕು ಮಡಿಕೆ, ಒಣಗಿದ್ದು. ಎತ್ತಿ ನನ್ನ ದಾರದ ಡಬ್ಬಿಯೊಳಗೆ ಇಟ್ಟುಕೊಂಡೆ. ಗುಂಡಿ ಒತ್ತಿದೆ, ಕಂಪ್ಯೂಟರ್ ಒಂದೇ ಸಲಕ್ಕೆ ಎದ್ದಿತು. ಅನ್ನುವುದಕ್ಕೆ ಏನೂ ಇರಲಿಲ್ಲ. ಆದರೂ ರೂಢಿ ತಪ್ಪಬಾರದಲ್ಲ, ಇವರ ಕಡೆ ತಿರುಗಿ ನಾಲ್ಕು ಮಾತು ಅಂದೆ.