ಮಾವನ ಕೋಟು ತೊಟ್ಟು ಆಡಿದ ಇಂಗ್ಲಿಷ್

ಮಾವ ಜೈರೋಸ್ ತೀರಿಕೊಂಡ ಸುದ್ದಿ ಬಂದಾಗ ನಾನು ಅಳಲಿಲ್ಲ. ಅವರ ಕೋಟು ಎಲ್ಲಿದೆ ಎಂದು ಹುಡುಕಲು ಹೋದೆ.

ನಮ್ಮೂರು ಮಾಸ್ವಿಂಗೋದ ಆಸ್ಪತ್ರೆಯಲ್ಲಿ ನಾನು ನರ್ಸ್. ಬ್ರಿಟನ್ನಿನಲ್ಲಿ ಕೆಲಸ ಸಿಗಬೇಕಾದರೆ ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕು. ಓದುವುದು, ಬರೆಯುವುದು ಸಲೀಸು. ಮಾತಿನ ಭಾಗದಲ್ಲಿ ಮಾತ್ರ ಎರಡು ಸಲ ಡುಮ್ಕಿ. ತಯಾರಿ ಮಾಡಿಸುತ್ತಿದ್ದವರು ಇದೇ ಮಹಾನುಭಾವರು, ನಿವೃತ್ತ ಹೆಡ್‌ಮಾಸ್ತರು. ಸೊಸೆಯಾದವಳು ಮಾವನ ಮುಂದೆ ಮೊಣಕಾಲೂರಿ, ತಲೆ ತಗ್ಗಿಸಿಯೇ ಮಾತಾಡಬೇಕು. ಹಾಗೆ ಕೂತು ಬಾಯಿ ತೆರೆದರೆ ಸಾಕು, ಅವರ ಬೆತ್ತ ನೆಲಕ್ಕೆ ಬಡಿಯುತ್ತಿತ್ತು.

"ಥೂ! ಬಾಯಲ್ಲಿ ಸದ್ಜಾ ಮುದ್ದೆ ಇಟ್ಕೊಂಡಿದ್ದೀಯೇನೇ? ನಿನ್ನ ಇಂಗ್ಲಿಷ್ ಕೇಳಿನೇ ರೋಗಿಗಳು ಸಾಯ್ತಾರೆ!"

ಮನೆಯವರೆಲ್ಲ ನಗಬೇಕು, ನಗದಿದ್ದರೆ ಅವರಿಗೂ ಮಂಗಳಾರತಿ. ಪರೀಕ್ಷೆಯ ಕೋಣೆಯಲ್ಲೂ ನನ್ನ ಕಿವಿಯಲ್ಲಿ ಆ ಬೆತ್ತದ ಸದ್ದೇ. ನೆಲ ನೋಡುತ್ತ ಏನೋ ಗೊಣಗಿ ಎದ್ದು ಬರುತ್ತಿದ್ದೆ.

ಆದರೆ ನಮ್ಮಲ್ಲಿ ಇನ್ನೊಂದು ಪದ್ಧತಿಯೂ ಇದೆ. ಶವಸಂಸ್ಕಾರದ ದಿನ ಸತ್ತವರ ಬಟ್ಟೆ ತೊಟ್ಟು, ಅವರಂತೆಯೇ ನಡೆದು, ಮಾತಾಡಿ ಅಣಕಿಸುವ ಹಕ್ಕು ಸೊಸೆಯರದು. ಆ ದಿನ ಯಾರೂ ಸಿಟ್ಟಾಗುವಂತಿಲ್ಲ. ಅದಕ್ಕಾಗಿ ನಾನು ವರ್ಷಗಟ್ಟಲೆ ಹಲ್ಲು ಕಚ್ಚಿಕೊಂಡು ಕಾದಿದ್ದೆ.

ಊರೇ ನೆರೆದ ಅಂಗಳದಲ್ಲಿ ಕೋಟು ತೊಟ್ಟು ಬೆತ್ತ ಬಡಿದೆ. ತಲೆ ಎತ್ತಿ, ಒಬ್ಬೊಬ್ಬರನ್ನೇ ದಿಟ್ಟಿಸಿ, ಮಾವನದೇ ಮೂಗಿನ ರಾಗದಲ್ಲಿ ಇಂಗ್ಲಿಷ್ ಶುರುಮಾಡಿದೆ. ಪಾದ್ರಿಯ ಪ್ರಾರ್ಥನೆಯಲ್ಲೂ ತಪ್ಪು ಹಿಡಿದೆ. ಕೊನೆಗೆ ಶವಪೆಟ್ಟಿಗೆ ತಟ್ಟಿದೆ.

"ಯಾಕ್ರೀ ಹೆಡ್‌ಮಾಸ್ತರೇ, ಇವತ್ತು ಬಾಯೇ ಬಿಡ್ತಿಲ್ಲ? ಸದ್ಜಾ ಮುದ್ದೆ ಸಿಕ್ಕೊಂಡಿದ್ಯಾ?"

ಅಂಗಳವೆಲ್ಲ ಗೊಳ್ಳೆಂದಿತು. ಅತ್ತೆ ಹೊಟ್ಟೆ ಹಿಡಿದುಕೊಂಡು, "ಅಯ್ಯೋ, ಸಾಕು ಕಣೇ! ಅವ್ರೇ ಎದ್ದು ಬಂದಂಗಿದೆ!" ಎಂದರು. ನನಗೆ ಮಾತ್ರ ಸಾಕಾಗಿರಲಿಲ್ಲ.

ಮುಂದಿನ ಪರೀಕ್ಷೆಯಲ್ಲಿ ಪರೀಕ್ಷಕಿ ಚೀಟಿಯೊಂದನ್ನು ಕೊಟ್ಟಳು: ನಿಮಗೆ ಕಲಿಸಿದ ಯಾರ ಬಗ್ಗೆಯಾದರೂ ಮಾತಾಡಿ. ಕುರ್ಚಿಯಲ್ಲಿ ನೆಟ್ಟಗೆ ಕೂತು, ಅವಳ ಕಣ್ಣನ್ನೇ ನೋಡುತ್ತ, ಮಾವನನ್ನು ತಲೆಯಿಂದ ಕಾಲಿನವರೆಗೆ ಜಾಲಾಡಿಬಿಟ್ಟೆ. ಸಮಯ ಮುಗಿಯಿತೆಂದು ಅವಳೇ ತಡೆಯಬೇಕಾಯಿತು.

ಪಾಸಾದ ದಿನ ಸೀದಾ ಸಮಾಧಿಗೆ ಹೋದೆ. ಅಲ್ಲಿಯೂ ಸೊಸೆ ಮೊಣಕಾಲೂರಬೇಕು. ನಾನು ಬೆತ್ತ ಊರಿಕೊಂಡು ನಿಂತೇ ಇದ್ದೆ.

"ಮಾವಾ, ನಾನು ಬ್ರಿಟನ್ನಿಗೆ ಹೊರಟೆ," ಎಂದು ಇಂಗ್ಲಿಷಿನಲ್ಲೇ ಹೇಳಿದೆ. "ತಪ್ಪಿದ್ರೆ ಎದ್ದು ಬಂದು ತಿದ್ದಿ."