ಹದಿನೇಳು ಹಿಡಿಗಳಿಗೆ ಮುಂಚಾಂಗ್ ಎಣ್ಣೆ

ಕತ್ತಿಯ ಅಲಗು ಒಡಿಂಗ್‌ನ ಪಾಲು, ಹಿಡಿ ಎಂತಿನಳ ಪಾಲು. ಮದುವೆಯಾದ ಹತ್ತೊಂಬತ್ತು ವರ್ಷದಿಂದ ಹೀಗೇ ನಡೆದುಬಂದಿದೆ. ಗಂಡ ಕುಲುಮೆಯ ಮುಂದೆ ಬಡಿಯುತ್ತಾನೆ; ಹೆಂಡತಿ ಹಿಂದಿನ ಜಗಲಿಯಲ್ಲಿ ಕೂತು ಬೀಟೆಯನ್ನೋ ಹಲಸನ್ನೋ ಕೆತ್ತಿ, ಅರದಲ್ಲಿ ಉಜ್ಜಿ, ಹಿಡಿ ಕೂರಿಸುತ್ತಾಳೆ. ಜಾವಾದ ಆ ಚಿವಿದೇಯ್ ಪೇಟೆಯಲ್ಲಿ ಯಾರಾದರೂ ಕತ್ತಿ ಚೆನ್ನಾಗಿದೆ ಎಂದರೆ ಒಡಿಂಗ್, "ಅಲಗು ನೋಡಿ ಹೇಳ್ತಿದಾರೆ" ಎನ್ನುತ್ತಾನೆ. "ಅಲಗನ್ನ ಹಿಡ್ಕೊಂಡು ಕುಯ್ಯೋಕಾಗುತ್ತಾ" ಎಂದು ಎಂತಿನ್ ಕೇಳುತ್ತಾಳೆ. ಇದೂ ಹತ್ತೊಂಬತ್ತು ವರ್ಷದ್ದೇ.

ಬಕ್ರೀದ್‌ಗೆ ಇನ್ನು ಹದಿನಾಲ್ಕು ದಿನ ಇರುವಾಗ ಮಸೀದಿ ಸಮಿತಿಯ ಅಧ್ಯಕ್ಷ ಹಾಜಿ ಮುಸ್ತೊಪಾ ಜಗಲಿಗೆ ಬಂದು ಕೂತರು. ಹೋದ ವರ್ಷ ಆರು ಕತ್ತಿ ತೆಗೆದುಕೊಂಡಿದ್ದರು. ಈ ಸಲ ಎತ್ತುಗಳು ಜಾಸ್ತಿ, ಇನ್ನೂ ಹನ್ನೆರಡು ಬೇಕು.

"ಹಿಡಿ ಮಾತ್ರ ಹೋದ ವರ್ಷದ ತರಾನೇ ಇರ್ಲಿ ಎಂತಿನ್. ಮುಖ ಕಾಣ್ಬೇಕು ಅದರಲ್ಲಿ. ಫೋಟೋದಲ್ಲಿ ಎಷ್ಟು ಚೆನ್ನಾಗಿ ಬಂದಿತ್ತು."

ಹೇಳಿಕೇಳಿ ಸಮಿತಿ, ಅದಕ್ಕೆ ಮೊದಲು ಫೋಟೋ, ಆಮೇಲೆ ಕತ್ತಿ.

ಎಂತಿನ್ ಒಪ್ಪಿಕೊಂಡಳು. ಆದರೆ ಮನಸ್ಸು ಅಲ್ಲಾಡುತ್ತಿತ್ತು. ಅವಳ ತಾಯಿಯ ಕಾಲದಿಂದ ಆ ಮನೆಯ ಹಿಡಿಗಳಿಗೆ ಬೀಳುತ್ತಿದ್ದುದು ಮುಂಚಾಂಗ್ ಕಾಯಿ ಒಂದೇ. ಸಾರಿಗೆ ಅರೆದು ಹಾಕುವ ಅದೇ ಬಿಳಿಕಾಯಿ. ಕೆಂಪಗೆ ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ, ಬಿಸಿ ಇರುವಾಗಲೇ ಮರಕ್ಕೆ ಉಜ್ಜಿದರೆ ಎಣ್ಣೆ ಒಳಗಿಳಿಯುತ್ತದೆ. ಎರಡು ದಿನ ಗಾಳಿಗಿಟ್ಟು ಮತ್ತೆ ಉಜ್ಜಬೇಕು, ಹೀಗೆ ನಾಲ್ಕು ಸಲ. ನೀರು ತಾಗಿದರೂ ಮರ ಕೊಳೆಯುವುದಿಲ್ಲ. ಹೊಳಪು ಮಾತ್ರ ಕೇಳಬೇಡಿ, ಮಂಕಾಗಿಯೇ ಇರುತ್ತದೆ. ಪೇಟೆಯ ಅಂಗಡಿಗಳಲ್ಲಿ ಫಳಫಳ ಹೊಳೆಯುವ ಹಿಡಿಗಳು ಸಾಲಾಗಿ ನಿಂತದ್ದನ್ನು ನೋಡಿ ಹೊಟ್ಟೆಕಿಚ್ಚಾಗಿ, ಹೋದ ವರ್ಷ ಮೊದಲ ಸಲ ಅವಳು ವಾರ್ನಿಷ್ ಡಬ್ಬ ತಂದಿದ್ದಳು. ಮೂರು ಕೋಟು ಹೊಡೆದಿದ್ದಳು. ಊರೆಲ್ಲ ಹೊಗಳಿತ್ತು.

ಅದೇ ಬಕ್ರೀದ್‌ನಲ್ಲಿ ಅವಳ ಅಣ್ಣ ಅಚೆಂಗ್‌ನ ಕೈ ಕುಯ್ದುಹೋಯಿತು. ಇಪ್ಪತ್ತೆರಡು ವರ್ಷದಿಂದ ಮಸೀದಿಯ ಎತ್ತುಗಳಿಗೆ ಕತ್ತಿ ಹಿಡಿದವನು ಅವನು. ಎತ್ತು ಒದೆಯಿತು, ಕತ್ತಿ ತಿರುಗಿತು ಎಂದು ಅವನೇ ಹೇಳಿದ. ಗಾಯ ಮಾಯಿತು, ಆದರೆ ಬಲಗೈಯ ಕೊನೆಯ ಎರಡು ಬೆರಳು ಇನ್ನು ಮಡಚುವುದಿಲ್ಲ. ವಯಸ್ಸಾಯಿತು, ಹಿಡಿತ ಹೋಯಿತು ಎಂದು ಊರವರು ಆಡಿಕೊಂಡರು. ಈ ವರ್ಷ ಕತ್ತಿ ಹಿಡಿಯುವವನು ಅವನ ಅಳಿಯ ಯಾಯತ್, ಅದೂ ಮೊದಲ ಸಲ.

ಕೆಲಸ ಬಲ್ಲವನನ್ನು ಕೇಳೋಣ ಎಂದು ಎಂತಿನ್ ಎರಡು ಮಾದರಿ ಹಿಡಿ ಚೀಲಕ್ಕೆ ಹಾಕಿಕೊಂಡು ಅಣ್ಣನ ಮನೆಗೆ ಹೋದಳು. ಒಂದಕ್ಕೆ ವಾರ್ನಿಷ್, ಒಂದಕ್ಕೆ ಮುಂಚಾಂಗ್. ಅಣ್ಣನನ್ನು ಅವಳು ಕಾಂಗ್ ಎಂದು ಕರೆಯುತ್ತಾಳೆ, ತಂಗಿಯನ್ನು ಅವನು ನೆಂಗ್ ಎಂದು.

ಅಚೆಂಗ್ ಎರಡನ್ನೂ ಎಡಗೈಯಲ್ಲಿ ಎತ್ತಿ ನೋಡಿ ಕೆಳಗಿಟ್ಟ. "ಎರಡೂ ಚೆನ್ನಾಗಿದೆ."

"ಎರಡೂ ಚೆನ್ನಾಗಿದೆ ಅನ್ನಿಸ್ಕೊಳ್ಳೋಕೆ ಇಷ್ಟು ದೂರ ನಡ್ಕೊಂಡು ಬಂದ್ನಾ ಕಾಂಗ್? ಯಾವ್ದು ಹಾಕ್ಲಿ ಹೇಳು."

"ನಿನ್ನ ಕೆಲಸ ನೆಂಗ್. ನನ್ನ ಯಾಕೆ ಕೇಳ್ತೀಯ? ನಾನೀಗ ಮೆಣಸಿನಕಾಯಿ ಮಾರೋನು."

ಮುಖ ಸಿಂಡರಿಸಿಕೊಂಡು ಅವಳು ಅಡುಗೆಮನೆಗೆ ಎದ್ದುಹೋದಳು. ಅತ್ತಿಗೆ ಇಮಾಸ್ ಎಳೆಹಲಸು ಹೆಚ್ಚುತ್ತಿದ್ದಳು. ಅವಳ ಕೈಯಲ್ಲಿದ್ದ ಕತ್ತಿಯ ಹಿಡಿಯ ಹಿಂಬದಿಯಲ್ಲಿ ಮೂರು ಗೀರಿನ ಗುರುತಿತ್ತು, ಎಂತಿನ್ ತನ್ನ ಹಿಡಿಗಳಿಗೆ ಹಾಕುವ ಗುರುತು. ಹೋದ ವರ್ಷದ ಆರರಲ್ಲಿ ಒಂದು ಅದು. ಆದರೆ ಹಿಡಿ ಮಂಕಾಗಿತ್ತು. ಹಿತ್ತಾಳೆ ಪಟ್ಟಿಯ ಅಂಚಿನಲ್ಲಿ ಮಾತ್ರ ಉಗುರಿನಷ್ಟು ವಾರ್ನಿಷ್ ಉಳಿದಿತ್ತು.

"ಇದನ್ನ ಯಾರು ಹೆರೆದದ್ದು ಅತ್ತಿಗೆ?"

"ಇನ್ಯಾರು, ನಿನ್ನಣ್ಣ. ಗಾಜಿನ ಚೂರು ಇಟ್ಕೊಂಡು ಎಡಗೈಲಿ ನಾಲ್ಕು ದಿನ ಹೆರೆದ್ರು. ಸಾರಿಗೆ ಇಟ್ಟಿದ್ದ ಮುಂಚಾಂಗೆಲ್ಲ ಅದಕ್ಕೇ ಉಜ್ಜಿ ಮುಗಿಸಿದ್ರು. ಹಬ್ಬದ ದಿನ ಯಾಯತ್‌ಗೆ ಇದನ್ನೇ ಕೊಡ್ಬೇಕಂತೆ. ನಾನು ಹಲಸು ಹೆಚ್ಚಿದ್ದು ಹೇಳ್ಬೇಡ."

ಎಂತಿನ್ ಅದನ್ನು ಅತ್ತಿಗೆಯ ಕೈಯಿಂದ ಕಿತ್ತುಕೊಂಡಳು. ಕತ್ತಿ ಹಿಡಿದುಕೊಂಡೇ ಹೊರಗೆ ಬಂದಳು.

"ಎತ್ತು ಒದೀಲಿಲ್ಲ ಅಲ್ವಾ ಕಾಂಗ್?"

ಅಚೆಂಗ್ ಕತ್ತಿಯನ್ನು ನೋಡಿದ, ಅಡುಗೆಮನೆಯ ಬಾಗಿಲನ್ನು ನೋಡಿದ. "ಎತ್ತು ಸತ್ತು ವರ್ಷ ಆಯ್ತು. ಅದನ್ನೇ ಹೋಗಿ ಕೇಳು."

"ತಮಾಷೆ ಸಾಕು."

"ಕೈಗೆ ಕೊಬ್ಬು ಮೆತ್ತಿತ್ತು," ಎಂದ. "ಹಿಡಿ ಜಾರ್ತು. ಕೈ ಮುಂದಕ್ಕೆ ಅಲಗಿನ ಮೇಲೆ ಹೋಯ್ತು."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಬೆರಳು ಮಡಚ್ತಿತ್ತಾ? ಆಮೇಲೆ ನಿನ್ನ ಹಿಡಿ ಯಾರು ತಗೋತಿದ್ರು?" ಅವನು ಬಲಗೈಯನ್ನು ತೊಡೆಯ ಮೇಲೆ ಮಗುಚಿ ಇಟ್ಟುಕೊಂಡ. "ಅಲ್ದೆ, ಜಾರಿದ್ದು ಹಿಡೀನೋ, ನನ್ನ ಕೈಯೇ ಸೋತಿತ್ತೋ, ನಂಗೇ ಗೊತ್ತಿಲ್ಲ. ಊರವರು ಹೇಳೋದೂ ನಿಜ ಇರ್ಬಹುದು."

ಎಂತಿನ್‌ಗೆ ಸಿಟ್ಟು ಬಂತು, ನಾಚಿಕೆಯೂ ಆಯಿತು. ಯಾವುದು ಮೊದಲು ಬಂತೋ ಅವಳಿಗೂ ತಿಳಿಯಲಿಲ್ಲ.

"ಅಳಿಯನಿಗೆ ಒಂದು ಹೆರೆದಿಟ್ಟೆ. ಮಿಕ್ಕ ಐದು ಮಸೀದಿ ಪೆಟ್ಟಿಗೇಲಿ ಹಾಗೇ ಇದಾವಲ್ಲ. ಅವನ್ನ ಹಿಡಿಯೋರು ಯಾರ ಮನೆ ಮಕ್ಕಳು?"

ಅಚೆಂಗ್ ಮೆಣಸಿನಕಾಯಿ ಬುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡ.

ಅಲ್ಲಿಂದ ಅವಳು ಮನೆಗೆ ಹೋಗಲಿಲ್ಲ, ನೆಟ್ಟಗೆ ಹಾಜಿ ಮುಸ್ತೊಪಾರ ಮನೆಗೆ ಹೋದಳು. ಸಮಿತಿಯ ಇನ್ನಿಬ್ಬರು ಅಲ್ಲೇ ಕೂತು ಚಹಾ ಕುಡಿಯುತ್ತಿದ್ದರು. ಹನ್ನೆರಡಕ್ಕೂ ಮುಂಚಾಂಗ್ ಎಣ್ಣೆಯನ್ನೇ ಹಾಕುತ್ತೇನೆ, ಹಳೆಯ ಐದನ್ನೂ ವಾಪಸ್ ಕೊಡಿ ಎಂದಳು. ಹಾಜಿ ಮೂಗು ಮುರಿದರು.

"ಮಂಕು ಹಿಡಿ ಯಾರಿಗೆ ಬೇಕಮ್ಮ? ಪೇಟೇಲಿ ಕೇಳಿದ್ರೆ ಕನ್ನಡಿ ತರ ಮಾಡಿ ಕೊಡ್ತಾರೆ."

"ಕೊಡ್ತಾರೆ ಪಾ ಹಾಜಿ. ನಾನೂ ಹೋದ ವರ್ಷ ಕೊಟ್ಟೆ. ಕಾಂಗ್ ಅಚೆಂಗ್ ಕೈ ಕುಯ್ದದ್ದು ಎತ್ತಲ್ಲ, ನನ್ನ ವಾರ್ನಿಷ್ಷು."

ಚಹಾ ಕುಡಿಯುತ್ತಿದ್ದವರು ಲೋಟ ಕೆಳಗಿಟ್ಟರು. ಹಾಜಿ ಗಡ್ಡ ನೀವಿಕೊಂಡರು. ಆಮೇಲೆ ಎದ್ದುಹೋಗಿ ಪೆಟ್ಟಿಗೆಯ ಕೀಲಿ ತಂದುಕೊಟ್ಟರು.

ಮಾತು ಊರಿಗೆ ಹಬ್ಬಲು ಎಷ್ಟು ಹೊತ್ತು ಬೇಕು? ಮರುದಿನ ಪೇಟೆಯಲ್ಲಿ ಸೊಪ್ಪು ಮಾರುವವಳೊಬ್ಬಳು, "ಬೆರಳು ಕುಯ್ಯೋ ಹಿಡಿ ಇವಳದ್ದೇ" ಎಂದು ಕೇಳುವ ಹಾಗೆಯೇ ಅಂದಳು. ಅಡುಗೆ ಚಾಕು ಮಾಡಲು ಹೇಳಿದ್ದ ಇಬ್ಬರು ಬೇಡವೆಂದು ಹೇಳಿಕಳಿಸಿದರು. ಅಣ್ಣನಂತೂ, ವರ್ಷವೆಲ್ಲ ಕಾಪಾಡಿಕೊಂಡು ಬಂದದ್ದನ್ನು ಒಂದು ಮಧ್ಯಾಹ್ನದಲ್ಲಿ ಹಾಳು ಮಾಡಿದಳೆಂದು ಮಾತು ಬಿಟ್ಟ. ಒಡಿಂಗ್ ಮಾತ್ರ ಅಲಗಿನ ಜಂಬವನ್ನು ಅಷ್ಟು ದಿನ ಕಟ್ಟಿಟ್ಟು, ಸಂಜೆ ಹೆಂಡತಿಯ ಪಕ್ಕ ಕೂತು ಮುಂಚಾಂಗ್ ಹುರಿದುಕೊಟ್ಟ.

ಹದಿನೇಳು ಹಿಡಿ, ಕೈಯಲ್ಲಿ ಹನ್ನೆರಡೇ ದಿನ. ಎಂತಿನ್ ಉಪ್ಪುಕಾಗದವನ್ನು ತೀರ ನುಣ್ಣಗೆ ಆಡಿಸಲಿಲ್ಲ. ಮರದ ಎಳೆ ಅಂಗೈಗೆ ತಿಳಿಯುವಷ್ಟು ಉಳಿಸಿದಳು. ಉಜ್ಜಿ ಉಜ್ಜಿ ಹೆಬ್ಬೆರಳಿನ ಸಿಪ್ಪೆ ಎದ್ದಿತು. ಹಬ್ಬಕ್ಕೆ ಎರಡು ದಿನ ಇರುವಾಗ ಹದಿನಾರು ಮುಗಿದು ಒಣಗಿದ್ದವು. ಹಳೆಯ ಐದರಲ್ಲಿ ಒಂದರ ವಾರ್ನಿಷ್ ಮಾತ್ರ ಇನ್ನೂ ಹೆರೆಯಬೇಕಿತ್ತು; ಅದಕ್ಕೆ ನಾಲ್ಕು ಸಲ ಉಜ್ಜಲು ದಿನವಿರಲಿಲ್ಲ, ಒಂದು ಸಲವಾದರೂ ಎಣ್ಣೆ ಕುಡಿಸಬಹುದಿತ್ತು.

ಆ ಬೆಳಿಗ್ಗೆ ಅಚೆಂಗ್ ಬಂದ. ಜಗಲಿಯ ತುದಿಯಲ್ಲಿ ಕೂತು, ತಂಗಿಯ ಮುಖ ನೋಡದೆ ಹೇಳಿದ, "ಒಂದು ಬೋಗುಣೀಲಿ ನೀರು ತಾ. ಕೊಬ್ಬರಿ ಎಣ್ಣೇನೂ ಹಾಕು."

ಎಂತಿನ್ ತಂದಿಟ್ಟಳು. ಅವನು ಬಲಗೈಯನ್ನು ಅದರಲ್ಲಿ ಅದ್ದಿ, ಹೊಳೆಯುವ ಹಿಡಿಯನ್ನು ಮೂರು ಬೆರಳಲ್ಲಿ ಬಿಗಿಯಾಗಿ ಹಿಡಿದ.

"ಅಲಗಿಗೆ ಗೋಣಿ ಸುತ್ತಿ ಎಳಿ."

ಅವಳು ಎಳೆದಳು. ಸಾಬೂನಿನ ಹಾಗೆ ಪುಳಕ್ಕನೆ ಕೈಬಿಟ್ಟು ಬಂತು. ಅವಳು ನೋಡದೇ ಇದ್ದ ಹೋದ ವರ್ಷದ ಆ ಗಳಿಗೆ ಈಗ ಅವಳ ಅಂಗೈಯಲ್ಲೇ ನಡೆದಿತ್ತು.

"ಈಗ ನಿನ್ನ ಮಂಕು ಹಿಡಿ ಕೊಡು."

ಮತ್ತೆ ಎಣ್ಣೆನೀರಿಗೆ ಕೈ ಅದ್ದಿ ಹಿಡಿದ. ಅವಳು ಎಳೆದಳು, ಬರಲಿಲ್ಲ. ಕಾಲು ಊರಿ ಎಳೆದಳು. ಅಚೆಂಗ್ ಜಗಲಿಯಿಂದ ಅರ್ಧ ಕೆಳಗೆ ಜಾರಿದ, ಆದರೆ ಹಿಡಿ ಅವನ ಮುಷ್ಟಿಯಲ್ಲೇ ಇತ್ತು.

"ಬಿಡು ಕಾಂಗ್, ಬೀಳ್ತೀಯ."

ಅವನು ಬಿಡಲಿಲ್ಲ. ಕೈಯನ್ನೇ ನೋಡುತ್ತಿದ್ದ. ಮಡಚದ ಎರಡು ಬೆರಳು ಹೊರಗೆ ಚಾಚಿಕೊಂಡಿದ್ದವು. ಮಿಕ್ಕ ಮೂರು ಮರವನ್ನು ಕಚ್ಚಿ ಹಿಡಿದಿದ್ದವು.

"ಮೂರೇ ಬೆರಳಲ್ಲಿ ನಿಲ್ತು," ಎಂದ. "ಅವತ್ತು ಐದಿತ್ತು." ಹಿಡಿಯನ್ನು ಇನ್ನೊಮ್ಮೆ ಬಿಗಿಯಾಗಿ ಅದುಮಿದ. "ಹಾಗಾದ್ರೆ ಸೋತದ್ದು ನನ್ನ ಕೈಯಲ್ಲ."

"ನಿನ್ನ ಕೈಯಲ್ಲ ಕಾಂಗ್," ಎಂದಳು ಎಂತಿನ್. "ನಂದು."

ಅಚೆಂಗ್ ಕೈಯನ್ನು ಲುಂಗಿಗೆ ಒರೆಸಿಕೊಂಡ. ಹೊಳೆಯುವ ಆ ಕೊನೆಯ ಕತ್ತಿಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು, ಗಾಜಿನ ಚೂರು ಎಲ್ಲಿದೆ ಎಂದು ಕೇಳಿದ.