ಗೇಟು ಕೂಗಿದ ಉಡಿ

ದಾನಮ್ಮನ ಬಾಯಿಗಿ ಹತ್ತಬ್ಯಾಡ್ರಿ ಅಂತ ರಬಾಳೆದ ಗೋಡೌನಿನಾಗ ಹೊಸದಾಗಿ ಬಂದೋರಿಗಿ ಮೊದಲೇ ಹೇಳಿಡ್ತಾರ. ಖರೇನೇ ಅದ, ನಾ ಜೋರಿನಾಕಿ. ಗಂಡ ಸತ್ತ ಮ್ಯಾಲ ಈ ಊರಾಗ ಮೆತ್ತಗ ಕೂತಿದ್ರ ಮಂದಿ ನನ್ನ ಯಾವಾಗೋ ತಿಂದು ತೇಗಿರ್ತಿದ್ರು. ಅನಿಲಕುಮಾರ ಸೂಪರ್‌ವೈಸರ್ ಸುದ್ದಾ ನನ್ನ ಟೇಬಲ್ ದಾಟಿ ಹೋಗೋವಾಗ ಫೋನ್ ನೋಡಿಕೋತ ಹೋಗ್ತಿದ್ದ.

ನಮ್ಮದು ಬಟ್ಟಿ ಗೋಡೌನು. ಸೀರಿ, ಖಣ, ಚೂಡಿದಾರ ಎಲ್ಲಾ ಇಲ್ಲಿಂದ ಮಾಲ್‌ಗಳಿಗಿ ಹೋಗ್ತಾವ. ಹೋಗೋಕಿಂತ ಮೊದಲು ಒಂದೊಂದಕ್ಕೂ ಟ್ಯಾಗ್ ಹಾಕೋದು ನಮ್ಮ ಹೆಣ್ಮಕ್ಕಳ ಕೆಲಸ. ಸೀರಿಗಿ ಗುಂಡಿಯಂಥಾ ಪ್ಲಾಸ್ಟಿಕ್ಕಿಂದು. ಖಣಕ್ಕ ಕಾಗದದ ಚೀಟಿ, ಅದರ ಒಳಗ ಸಣ್ಣ ತಂತಿ ಎಳಿ ಇರ್ತದ, ಮಡಿಕಿ ಒಳಗ ಕಾಣದಂಗ ಅಂಟಿಸಬೇಕು. ಯಾವ ಮಾಲು ಎಲ್ಲಿ ಅದ ಅಂತ ಕಂಪ್ಯೂಟರಿಗಿ ತಿಳಿಯೋದು ಆ ಚೀಟಿಲೇ. ಗೋಡೌನಿನ ಲೆಕ್ಕದಾಗ ಇರೋ ಮಾಲು ಹೊರಗ ಹೊಂಟ್ರ ಬಾಗಲಾಗಿನ ಗೇಟು ಕೂಗ್ತದ. ಆ ಗೇಟು ಹೊರಗ ಹೋಗೋ ಬಾಗಲಿಗಿ ಅಷ್ಟೇ ಅದ, ಒಳಗ ಬರೋ ಬಾಗಲಿಗಿ ಇಲ್ಲ. ಒಳಗ ನಾವು ಏನು ತಂದ್ರೂ ಯಾರೂ ಕೇಳಂಗಿಲ್ಲ, ಹೊರಗ ಹೋಗೋವಾಗ ಮಾತ್ರ ಎಲ್ಲಾರೂ ಕಳ್ಳರು ನೋಡ್ರಿ.

ಬಾಲಮ್ಮಗ ಈ ಚೀಟಿ ಅಂಟಿಸೋದು ಕಲಿಸಿದಾಕಿ ನಾನೇ. ಕಲಬುರಗಿ ಕಡೀದು ಹುಡುಗಿ, ತುರ್ಭೆದಾಗ ನಮ್ಮ ಗಲ್ಲ್ಯಾಗೇ ಇರ್ತಾಳ, ಗಂಡ ದಿಲೀಪ ಮಾರ್ಕೆಟಿನಾಗ ಹಮಾಲಿ ಮಾಡ್ತಾನ. ಸಣ್ಣಾಕಿ ಇದ್ದಾಗೇ ಅವ್ವ ತೀರಿಕೊಂಡಾಳ. ಅದಕ್ಕೋ ಏನೋ, ನಾ ಎಷ್ಟು ಬೈದ್ರೂ ನಗ್ತಿದ್ಳು. ಬುತ್ತಿ ಬಿಚ್ಚಿದ್ರ ಮೊದಲು ನನ್ನ ಡಬ್ಬಿಗೇ ಕೈ ಹಾಕ್ತಿದ್ಳು. ಎರಡು ಸಲ ಬಸರಾದ್ಳು, ಎರಡೂ ನಿಲ್ಲಲಿಲ್ಲ. ಎರಡನೇದು ಹೋದಾಗ ದವಾಖಾನ್ಯಾಗ ಆಕಿ ನನ್ನ ಸೀರಿ ಹಿಡಕೊಂಡು ಅತ್ತಿದ್ಳು. ಮೂರನೇದು ನಿಂತಿತು. ಏಳು ತುಂಬಿದ ಮ್ಯಾಲ ಹಡಿಯಾಕ ಅತ್ತಿ ಊರಿಗಿ ಹೋಗೋದು ಅಂತ ಆತು.

ಒಂದಿನ ಊಟದಾಗ ತಲಿ ಬಗ್ಗಿಸಿಕೊಂಡೇ ಅಂದ್ಳು, ಊರಿಗಿ ಹೋಗೋ ದಿನ ನೀನೇ ನನ್ನ ಉಡಿ ತುಂಬು ದಾನಕ್ಕ ಅಂತ. ನನಗ ಸಿಟ್ಟೇ ಬಂತು. ತಲಿ ಕೆಟ್ಟದೇನು, ನನ್ನ ಹಣಿ ನೋಡಿ ಮಾತಾಡು ಅಂದೆ. ನಮ್ಮ ಮಂದ್ಯಾಗ ಗಂಡ ಸತ್ತಾಕಿ ಉಡಿ ತುಂಬಂಗಿಲ್ಲ. ಗಲ್ಲ್ಯಾಗ ಯಾರದರೇ ಉಡಿ ತುಂಬೋ ಕಾರ್ಯ ಇದ್ರ ನಾ ನೀರು ತರೋ ನೆಪಾ ಮಾಡಿ ಕೊಡ ತಗೊಂಡು ಎದ್ದು ಹೋಗ್ತೀನಿ, ಅವರು ಹೇಳೋಕಿಂತ ನಾನೇ ಹೋಗೋದು ಛಲೋ. ಆದ್ರ ಬಾಲಮ್ಮ ಬಿಡಲಿಲ್ಲ.

"ನಮ್ಮವ್ವ ಇದ್ದಿದ್ರ ಆಕಿನೇ ತುಂಬ್ತಿದ್ಳು. ಅವ್ವನ ಹಣಿ ಯಾರರೇ ನೋಡ್ತಾರೇನ ದಾನಕ್ಕ?"

ಡಬ್ಬಿ ಮುಚ್ಚಿ ಎದ್ದೆ. ಸಂಡಾಸಿನ ಕಡಿ ಹೋಗಿ ಬಾಗಲಾ ಹಾಕ್ಕೊಂಡು ಅತ್ತೆ.

ಖಣ ನನ್ನ ಹತ್ರ ಇತ್ತು. ದೀಪಾವಳಿ ಆದ ಮ್ಯಾಲ ಉಳಿದ ಮಾಲು ಗೋಡೌನಿನೋರು ನಮಗೇ ಅಗ್ಗದ ರೇಟಿನಾಗ ಮಾರ್ತಾರ, ಗೇಟಿನ ಹೊರಗ ಅಂಗಳದಾಗ ಪೆಂಡಾಲ ಹಾಕಿ. ಆ ಸೇಲಿನಾಗ ರೊಕ್ಕ ಕೊಟ್ಟು ತಗೊಂಡಿದ್ದೆ, ಬಿಲ್ಲು ಗಿಲ್ಲು ಅಲ್ಲಿ ಕೊಡಂಗಿಲ್ಲ. ಗುಳೇದಗುಡ್ಡದ ಖಣ, ಹಸರು ಮೈ, ಕೆಂಪು ದಡಿ. ನನಗ ಹಸರು ತೊಡೋ ಕಾಲ ಮುಗದದ, ಕೊಡಾಕ ಮಗಳಿಲ್ಲ, ಆದ್ರೂ ಕೈ ತಡೀಲಿಲ್ಲ. ಅವತ್ತಿನಿಂದ ಟ್ರಂಕಿನಾಗ ಇಟ್ಟಿದ್ದೆ. ಉಡ್ಯಾಗ ಹಾಕೋ ಖಣದ ಮಡಿಕಿ ಮುರೀಬಾರದು, ಮುರಿದ್ರ ತೊಟ್ಟು ಬಿಟ್ಟ ಬಟ್ಟಿ ಕೊಟ್ಟಂಗ ಅಂತಾರ. ನಾನೂ ಮುರೀಲಿಲ್ಲ. ದಿನಾ ಬೆಳಗಾದ್ರ ಮಡಿಕಿ ಬಿಚ್ಚಿ ಚೀಟಿ ಅಂಟಿಸೋದೇ ನನ್ನ ಹೊಟ್ಟಿಪಾಡು, ಆದ್ರ ಇದೊಂದರ ಮಡಿಕಿ ಬಿಚ್ಚಿ ಒಳಗ ಚೀಟಿ ಅದನೋ ಇಲ್ಲೋ ನೋಡಬೇಕಂತ ಅನ್ನಿಸಲಿಲ್ಲ. ಸೇಲಿನಾಗ ಮಾರಿದ ಮಾಲನ್ನ ಕಂಪ್ಯೂಟರಿನ ಲೆಕ್ಕದಿಂದ ತೆಗೀತಾರ, ತೆಗೆದ ಮ್ಯಾಲ ಚೀಟಿ ಇದ್ರೂ ಗೇಟು ಕೂಗಂಗಿಲ್ಲ. ತೆಗೆದಿರ್ತಾರ ಅಂತಲೇ ನಾ ತಿಳಕೊಂಡಿದ್ದೆ.

ಗಲ್ಲ್ಯಾಗ ತುಂಬಿದ್ರ ಹೆಣ್ಮಕ್ಕಳು ನನ್ನ ಹುಗಿದೇ ಬಿಡ್ತಿದ್ರು. ಅದಕ್ಕ ಗೋಡೌನಿನಾಗೇ ತುಂಬೋದು ಅಂತ ಇಬ್ಬರೂ ಮಾತಾಡಿಕೊಂಡ್ವಿ. ಆಕಿ ಕೆಲಸದ ಕಡೀ ದಿನ ಅದು. ದಿಲೀಪ ಗಂಟು ಮೂಟಿ ತಗೊಂಡು ಸೀದಾ ಕಲ್ಯಾಣ ಸ್ಟೇಷನ್ನಿಗಿ ಹೋಗಿದ್ದ. ಈಕಿ ಮಧ್ಯಾಹ್ನ ಬಿಟ್ಟು, ರಬಾಳೆಯಿಂದ ಲೋಕಲ್ ಹಿಡದು, ಠಾಣೆದಾಗ ಗಾಡಿ ಬದಲಿ ಮಾಡಿ ಕಲ್ಯಾಣ ಮುಟ್ಟಬೇಕು. ಸಂಜಿಗಿ ಊರಿನ ರೈಲು.

ಊಟದ ಹೊತ್ತಿನಾಗ ರ‍್ಯಾಕಿನ ಹಿಂದ ಒಂದು ಖಾಲಿ ಬಾಕ್ಸಿನ ಮ್ಯಾಲ ಆಕಿನ್ನ ಕೂಡಿಸಿದೆ. ಆಕಿ ಸೆರಗು ಒಡ್ಡಿದ್ಳು. ಅಕ್ಕಿ, ಕೊಬ್ಬರಿ ಬಟ್ಲ, ಉತ್ತತ್ತಿ, ಅಡಿಕಿ, ಅರಿಷಿಣ ಕೊಂಬು ಹಾಕಿ, ಮ್ಯಾಲ ಖಣ ಇಟ್ಟೆ. ಒಂದಿಷ್ಟು ಅಕ್ಕಿ ಕೆಳಗ ಬಿದ್ದದ್ದಕ್ಕ ನನಗ ನಾನೇ ಬೈಕೊಂಡೆ. ಆಕಿ ಸೆರಗು ಗಂಟು ಹಾಕಿ ನಡಕ್ಕ ಸಿಗಿಸಿಕೊಂಡ್ಳು. ಇನ್ನ ಊರು ಮುಟ್ಟಿ ದೇವರ ಮುಂದ ಕೂತ ಮ್ಯಾಲೇ ಅದನ್ನ ಬಿಚ್ಚಬೇಕು. ನಡುವ ಉಡಿ ಚೆಲ್ಲಿದ್ರ ಏನಾಗ್ತದ ಅಂತಾರೋ ಅದನ್ನ ನಾ ಬಾಯಿಲೇ ಆಡಂಗಿಲ್ಲ. ಇದೊಂದು ಉಳೀತದಲ್ಲ ದಾನಕ್ಕ ಅಂತ ಕೇಳಿದ್ಳು. ಉಳೀತದ, ಸುಮ್ನ ಏಳು ಅಂತ ಗದರಿದೆ. ಗಂಡ ಹೋದ ಮ್ಯಾಲ ನಾ ಒಂದು ಶುಭದ ಕೆಲಸಕ್ಕ ಕೈ ಹಚ್ಚಿದ್ದು ಅದೇ ಮೊದಲು.

ಆಕಿ ಗೇಟಿನಾಗ ಕಾಲಿಟ್ಳು, ಗೇಟು ಕೂಗಿತು.

ಗೇಟಿನ ಹತ್ರ ಹೆಣ್ಮಕ್ಕಳ ತಪಾಸಣಿ ಮಾಡೋ ಮುಕ್ತಾ, ಸೆರಗು ಬಿಚ್ಚು ಅಂದ್ಳು. ಬಾಲಮ್ಮ ಎರಡೂ ಕೈಲೆ ಉಡಿ ಒತ್ತಿ ಹಿಡಕೊಂಡು, ಬಿಚ್ಚಂಗಿಲ್ಲ ಅಂದ್ಳು. ನಾ ಟೇಬಲ್ ಬಿಟ್ಟು ಓಡಿದೆ. ಅಷ್ಟರಾಗ ಅನಿಲಕುಮಾರನೂ ಬಂದ. ಅವನ ಅಪ್ಪ ಅವ್ವ ಬೀದರದೋರು, ಅವ ಹುಟ್ಟಿದ್ದು ಡೊಂಬಿವಲಿ. ಕನ್ನಡ ಎಲ್ಲಾ ತಿಳೀತದ ಅವಗ, ಆದ್ರ ಮಾತಾಡೋದು ಬರೇ ಹಿಂದಿ. ಉಡಿ ಬಿಚ್ಚೋದೇನೂ ಬ್ಯಾಡ ಅಂತ ಮುಕ್ತಾಗ ಹೇಳಿ, ಕೈಯಾಗಿನ ಚೀಟಿ ಓದೋ ಮಶೀನು ಬಾಲಮ್ಮನ ನಡದ ಹತ್ರ ಹಿಡದ. ಮಶೀನಿನಾಗ ನನ್ನ ಖಣ ಬಂತು. ಹಸರು ಖಣ, ಕೆಂಪು ದಡಿ, ಇದೇ ಗೋಡೌನಿನ ಮಾಲು, ಇನ್ನಾ ಮಾರಿಲ್ಲ ಅಂತ.

ಅದು ನನ್ನ ಖಣ, ಸೇಲಿನಾಗ ತಗೊಂಡದ್ದು, ನಾನೇ ಆಕಿ ಉಡಿ ತುಂಬಿನಿ ಅಂತ ಇದ್ದದ್ದು ಇದ್ದಂಗ ಹೇಳಿದೆ. ಮಾರಿದ್ರ ಲೆಕ್ಕದಾಗ ಯಾಕ ಅದ ಅಂದ ಅವ. ಅದನ್ನ ನಿನ್ನ ಕಂಪ್ಯೂಟರಿಗಿ ಕೇಳು ಅಂದೆ. ಅವಗೂ ಸಿಟ್ಟು ಬಂತು. ಲೆಕ್ಕದಾಗ ಇದ್ದಷ್ಟು ಮಾಲು ರ‍್ಯಾಕಿನಾಗ ಇಲ್ಲಂತ ಮ್ಯಾಲಿನೋರು ಎರಡು ತಿಂಗಳಿನಿಂದ ಅವನ ಕುತ್ತಿಗಿ ಮ್ಯಾಲ ಕೂತಿದ್ರು. ಯಾರ ಹತ್ರ ಸಿಕ್ಕದೋ ಆಕಿ ನಿಲ್ಲಬೇಕು, ಠಾಣೆದಾಗಿನ ವಾಗ್ಳೆ ಎಸ್ಟೇಟಿನ ಆಫೀಸಿನಿಂದ ಸಾಹೇಬ ಬರ್ತಾರ, ಪೊಲೀಸರಿಗಿ ಕೊಡೋದೋ ಬಿಡೋದೋ ಅವರೇ ನೋಡ್ತಾರ ಅಂದ. ಸಾಹೇಬ ಸಂಜಿ ಆಗೋತನಕ ಬರಂಗಿಲ್ಲ.

ಬಾಲಮ್ಮ ಗ್ವಾಡಿಗಿ ಕೈ ಹಚ್ಚಿ ನಿಂತಿದ್ಳು. ತುಟಿ ಬೆಳ್ಳಗಾಗಿದ್ವು, ಹಣಿ ಮ್ಯಾಲ ನೀರು ಇಳೀತಿತ್ತು. ಹಿಂದಿನದು ಹೋಗೋವಾಗ ಆಕಿ ಹಿಂಗೇ ನಿಂತಿದ್ದನ್ನ ನಾ ಈ ಕಣ್ಣಿಲೇ ನೋಡೀನಿ. ಮನಸ್ಸಿಗಿ ಘಾಸಿ ಮಾಡಬ್ಯಾಡ್ರಿ, ಬಹಳ ಹೊತ್ತು ನಿಂದರಸಬ್ಯಾಡ್ರಿ ಅಂತ ಡಾಕ್ಟರ್ ಹೇಳಿದ್ಳು. ಆ ಕಡಿ ದಿಲೀಪ ಕಲ್ಯಾಣದಾಗ ಗಂಟಿನ ಮ್ಯಾಲ ಕೂತು ಕಾಯ್ತಿದ್ದ. ಖರೆ ಮಾತು ಹೇಳಿ ನೋಡಿದ್ದೆ, ಅದು ನಡೀಲಿಲ್ಲ.

"ಸೇಲಿನಾಗ ತಗೊಂಡಿಲ್ಲ," ಅಂದೆ. "ನಾನೇ ಕದ್ದೀನಿ. ಆಕಿಗಿ ಏನೂ ಗೊತ್ತಿಲ್ಲ. ನನ್ನ ನಿಂದರಿಸು, ಆಕಿನ್ನ ಬಿಡು."

ಅನಿಲಕುಮಾರ ನನ್ನ ಮುಖ ನೋಡಿದ. ಈಗಷ್ಟೇ ಬ್ಯಾರೆ ಹೇಳಿದೆಲ್ಲ ಅಂದ. ಸುಳ್ಳು ಹೇಳಿದ್ದೆ ಅಂದೆ. ಅವಗ ನಂಬಿಕಿ ಬಂತೋ ಇಲ್ಲೋ ದೇವರಿಗೇ ಗೊತ್ತು, ಅವಗ ಒಂದು ಹೆಸರು ಬೇಕಾಗಿತ್ತು, ಸಿಕ್ಕಿತು. ಖಣ ಇಲ್ಲಿಟ್ಟು ಈಕಿ ಹೋಗಲಿ ಅಂತ ಮುಕ್ತಾಗ ಹೇಳಿದ.

ಬಾಲಮ್ಮ ಅಲ್ಲಾಡಲಿಲ್ಲ. ನನ್ನ ಕಡಿ ತಿರುಗಿ, "ಖರೇನ ದಾನಕ್ಕ?" ಅಂದ್ಳು.

ಬ್ಯಾರೆ ಯಾರರೇ ಅಲ್ಲಿ ನಿಂತಿದ್ರ ನಮ್ಮ ಭಾಷಾದಾಗ ಒಂದು ಮಾತು ಹೇಳಿಬಿಡ್ತಿದ್ದೆ, ಸುಳ್ಳದ, ನೀ ಸುಮ್ನ ಹೋಗು ಅಂತ. ಆದ್ರ ಆ ಮನಷ್ಯಾಗ ಕನ್ನಡ ತಿಳೀತದಲ್ಲ, ಮೊಳ ದೂರದಾಗ ನಿಂತಿದ್ದ. ಅಲ್ಲ ಅಂದ್ರ ಈಕಿ ನನ್ನ ಬಿಟ್ಟು ಹೋಗೋ ಪೈಕಿನೂ ಅಲ್ಲ, ಅಲ್ಲೇ ಕೂತುಬಿಡ್ತಿದ್ಳು.

"ಖರೇನೇ," ಅಂದೆ.

"ನನ್ನ ಕೂಸಿನ ಉಡಿಗಿ ಕದ್ದ ಖಣ ಹಾಕಿದಿ?"

ಆಕಿ ನಡದಾಗಿನ ಗಂಟು ಬಿಚ್ಚಿ ಇಡೀ ಉಡಿ ಮುಕ್ತಾನ ಟೇಬಲ್ ಮ್ಯಾಲ ಸುರವಿದ್ಳು. ಅಕ್ಕಿ ನೆಲದ ತುಂಬ ಹರಡಿತು. ಒಂದು ಕಾಳೂ ಉಳೀಬಾರದು ಅನ್ನೋಹಂಗ ಸೆರಗು ಝಾಡಿಸಿದ್ಳು. ಆಮ್ಯಾಲ ಆಕಿ ಗೇಟು ದಾಟಿ ಹೋದ್ಳು. ಗೇಟು ಕೂಗಲಿಲ್ಲ.

ಅವತ್ತೇ ನನ್ನ ಕೆಲಸದಿಂದ ತೆಗೆದ್ರು. ಇಷ್ಟು ವರ್ಷ ದುಡದಾಕಿ ಅಂತ ಪೊಲೀಸರಿಗಿ ಕೊಡಲಿಲ್ಲ. ಒಂದು ತಿಂಗಳ ಮ್ಯಾಲ ಅನಿಲಕುಮಾರ ತುರ್ಭೆಗಿ ನನ್ನ ಖೋಲಿ ಹುಡುಕಿಕೊಂಡು ಬಂದ. ಸೇಲಿನ ಮಾಲು ಲೆಕ್ಕದಿಂದ ತೆಗಿಯೋದನ್ನೇ ಆಫೀಸಿನೋರು ಮರತಿದ್ರಂತ, ಕಮ್ಮಿ ಬಿದ್ದಿತ್ತು ಅಂತ ಕುಣಿದಿದ್ದು ಅದೇ ಮಾಲಂತ. ಬಾಗಲಾಗೇ ನಿಂತು, "ತಪ್ಪಾತು ದಾನಕ್ಕ, ನೀ ಕದ್ದಿಲ್ಲ" ಅಂತ ಮೊದಲನೇ ಸಲ ಕನ್ನಡದಾಗ ಮಾತಾಡಿದ. ಈ ಕನ್ನಡ ಅವತ್ತು ಎಲ್ಲಿ ಹೋಗಿತ್ತೋ ಅಂತ ಬಾಯಿಗಿ ಬಂದಂಗ ಬೈದು ಕಳಿಸಿದೆ. ಮರುದಿನ ಅದೇ ಗೋಡೌನಿಗಿ ವಾಪಸ್ ಕೆಲಸಕ್ಕ ಹೋದೆ, ಹೊಟ್ಟಿ ಕೇಳಬೇಕಲ್ಲ.

ಬಾಲಮ್ಮಗ ಫೋನ್ ಹಚ್ಚಿದೆ. ದಿಲೀಪ ಎತ್ತಿದ. ದಿನ ತುಂಬಾಕ ಬಂದಾವ ಅಕ್ಕಾ, ನಿನ್ನ ಹೆಸರು ತೆಗೆದ್ರ ಅಳ್ತಾಳ, ಹಡಿಯೋತನಕ ಏನೂ ಹೇಳಬ್ಯಾಡ ಅಂದ. ಆತಪ್ಪ ಅಂದೆ. ಆಮ್ಯಾಲ ಹೆಣ್ಣು ಕೂಸು ಹುಟ್ಟಿತು, ತಾಯಿ ಮಗಳು ಆರಾಮ ಅದಾರ ಅಂತ ಗಲ್ಲ್ಯಾಗ ಸುದ್ದಿ ಬಂತು. ಖೋಲಿ ಬಾಗಲಾ ಮುಚ್ಚಿ ಒಬ್ಬಾಕಿನೇ ಬಾಯಾಗ ಸಕ್ಕರಿ ಹಾಕ್ಕೊಂಡೆ. ಆಕಿ ಬರಲಿ, ಎದುರಿಗಿ ಕೂಡಿಸಿಕೊಂಡು ಎಲ್ಲಾ ಹೇಳ್ತೀನಿ, ಕೂಸಿನ ಮುಖ ನೋಡ್ತೀನಿ ಅಂತ ದಿನಾ ಎಣಿಸಿದೆ.

ಹಿಂದಿನ ಆಯತವಾರ ಬಂದಾಳ. ಗಲ್ಲೀ ಹೆಣ್ಮಕ್ಕಳು ಎಲ್ಲಾ ಕೂಸು ನೋಡಾಕ ಹೋದ್ರು, ನಾನೂ ಕೂಸಿನ ತಲಿಗಿ ಕಟ್ಟೋ ಒಂದು ಕುಂಚಿಗಿ ತಗೊಂಡು ಹೋದೆ. ಬಾಗಲದ ಹೊರಗ ಚಪ್ಪಲಿ ಬಿಡೋವಾಗ ಒಳಗ ಬಾಲಮ್ಮನ ಧ್ವನಿ ಕೇಳಿಸ್ತು.

"ಅವತ್ತು ಆಕಿ ತುಂಬಿದ ಉಡಿ ಅಲ್ಲೇ ಚೆಲ್ಲಿ ಬಂದೆ. ಅದಕ್ಕೇ ಇದೊಂದು ಉಳೀತು."

ಹೌದವ್ವ, ಛಲೋ ಮಾಡಿದಿ ಅಂತ ಎಲ್ಲಾರೂ ಅಂದ್ರು.

ಒಳಗ ಹೋಗಿ ಒಂದು ಮಾತು ಹೇಳಿದ್ರ ಮುಗೀತಿತ್ತು. ಅನಿಲಕುಮಾರನ್ನ ಕರಕೊಂಡು ಬಂದ್ರ ಅವನೂ ಹೇಳ್ತಿದ್ದ. ಆದ್ರ ಹೇಳಿದ ಮ್ಯಾಲ ಏನು? ಛಲೋ ಉಡಿನೇ ಚೆಲ್ಲಿ ಬಂದೆನಲ್ಲ ಅಂತ ಆಕಿ ಎದಿ ಒಡಕೋತಾಳ. ನಾಳಿಗಿ ಕೂಸಿಗಿ ಒಂದಿಷ್ಟು ಮೈ ಬೆಚ್ಚಗಾದ್ರೂ, ಒಂದು ಸಲ ಹಾಲು ಕಕ್ಕಿದ್ರೂ, ಅದನ್ನೇ ನೆನಸಿ ಹೆದರಿ ಸಾಯ್ತಾಳ. ಈಗ ಹೆಂಗೋ ಧೈರ್ಯದಿಂದ ಕೂತಾಳ. ನನ್ನ ಬೈಕೊಂಡೇ ಕೂಡ್ಲಿ.

ಕುಂಚಿಗಿ ಹೊಸ್ತಿಲ ಮ್ಯಾಲ ಇಡಬೇಕಂದೆ, ಇಡಲಿಲ್ಲ. ನಾ ಕೊಟ್ಟದ್ದು ಅಂತ ಗೊತ್ತಾದ್ರ ಅದನ್ನೂ ಬಿಸಾಕ್ತಾರ. ಒಳಗ ಕೂಸು ಅತ್ತಿತು, ಧ್ವನಿ ಗಟ್ಟಿ ಅದ ಅದರದ್ದು. ನಾ ಚಪ್ಪಲಿ ಮೆಟ್ಟಿಕೊಂಡು ವಾಪಸ್ ಬಂದೆ. ಒಂದೇ ಗಲ್ಲಿ ಅಲ್ಲೇನ್ರಿ, ದಿನಾ ಅದರ ಅಳು ನನ್ನ ಖೋಲಿಗಿ ಕೇಳಿಸ್ತದ. ಮುಖ ಹೆಂಗದ ನಾ ಇನ್ನಾ ನೋಡಿಲ್ಲ.